ಸಾಹೇಬರು ಇಳಿಯದ ನೀರು

ನಾಯಿ ಸತ್ತದ್ದು ಮಂಗಳವಾರ. ಬುಧವಾರದಿಂದ ನಮ್ಮ ಬುತ್ತಿ ಮೂಸಲು ಶುರುಮಾಡಿದರು.

ನಾವು ಐದು ಜನ ಹೆಂಗಸರು. ಕೆರೆ ದಡದ ಈಜು ಕ್ಲಬ್ಬಿನಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ನೀರಿಗಿಳಿಯಬೇಕು. ಉದ್ದ ಹಿಡಿಯ ಹಲ್ಲುಕುಂಟೆಯಿಂದ ತಳದ ಕಲ್ಲುಗಳಿಗೆ ಅಂಟಿದ ಪಾಚಿ ಕಿತ್ತು, ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು, ಹಿಂದಿನ ಗುಂಡಿಗೆ ಸುರಿಯಬೇಕು. ಬುಟ್ಟಿಯಿಂದ ಸೋರುವ ನೀರು ಕುತ್ತಿಗೆಯಿಂದ ಇಳಿದು ಬೆನ್ನು, ಸೊಂಟ ಎಲ್ಲ ತೋಯುತ್ತದೆ. ಬೂಟಿಲ್ಲ. ಕೈಗವಸಿಲ್ಲ. ಹತ್ತಕ್ಕೆ ಸದಸ್ಯರು ಈಜಲು ಬರುತ್ತಾರೆ. ಅಷ್ಟರೊಳಗೆ ನಾವು ಅವರ ಕಣ್ಣಿಗೆ ಬೀಳದ ಹಾಗೆ ದೋಣಿಮನೆಯ ಆಚೆಗೆ ಹೋಗಬೇಕು. ಸಂಜೆ ನಾಲ್ಕರ ತನಕ ಅಲ್ಲೂ ಅದೇ ಕೆಲಸ.

"ಹಗಲೆಲ್ಲಾ ಕೆರೆ ಕೆರಿಯೋದು, ಸಂಜೆಯೆಲ್ಲಾ ಮೈ ಕೆರ್ಕೊಳ್ಳೋದು," ಎನ್ನುತ್ತಿದ್ದಳು ಅಕ್ಕ.

ಅಕ್ಕ ಎಂದರೆ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಎತ್ತರದ ಹೆಂಗಸು. ನೀರಿನಲ್ಲಿ ಒಂದು ಕಾಲ ಮೇಲೆ ನಿಂತು ಇನ್ನೊಂದು ಕಾಲನ್ನು ಕೆರೆದುಕೊಳ್ಳುವುದನ್ನು ನೋಡಿ ಉಳಿದವರು ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಅವಳಿಗೆ ಬೇಸರವಿರಲಿಲ್ಲ. "ಕೊಕ್ಕರೆ ಸುಮ್ನೆ ನಿಂತಿದೆ ಅಂತ ಮೀನು ಅಂದ್ಕೊಳ್ಳತ್ತೆ," ಎಂದು ನಗುತ್ತಿದ್ದಳು.

ಕೆರೆ ನೀರು ತಿಳಿ. ಸೊಂಟದ ಆಳದಲ್ಲಿ ಸೂಜಿ ಬಿದ್ದರೂ ಕಾಣುತ್ತದೆ. ಅದೇ ಕ್ಲಬ್ಬಿನ ಹೆಮ್ಮೆ. ಮೇಲಿನಿಂದ ನೋಡಿದವರಿಗೆ ನೀರು ಕಾಣುತ್ತದೆ, ಕೆಳಗೆ ನಿಂತವರಿಗೆ ತಳ ಸಿಗುತ್ತದೆ. ತಳದಲ್ಲಿ ಕಲ್ಲಿಗೆ ಕಂಬಳಿ ಹೊದಿಸಿದ ಹಾಗೆ ಕಪ್ಪು ಹಸಿರಿನ ಒಂದು ಪದರ. ಹಸಿ ಚರ್ಮದ ಹಾಗೆ ಜಾರು. ನಾವು ಅದಕ್ಕೆ ತೊಗಲು ಎನ್ನುತ್ತಿದ್ದೆವು. ಬಿಸಿಲೇರಿದರೆ ತೊಗಲಿನೊಳಗೆ ಗುಳ್ಳೆ ಕಟ್ಟುತ್ತದೆ. ಗುಳ್ಳೆ ಕಟ್ಟಿದ ತುಂಡು ಕಲ್ಲು ಬಿಟ್ಟು ಮೇಲೆದ್ದು ತೇಲಿಕೊಂಡು ದಡ ಹತ್ತುತ್ತದೆ. ಒದ್ದೆ ಮಣ್ಣಿನ ವಾಸನೆ, ಅದರ ಕೆಳಗೆ ಇನ್ನೇನೋ ಹಳಸಿದ ವಾಸನೆ. ಮನುಷ್ಯರು ಮೂಗು ಮುಚ್ಚಿಕೊಳ್ಳುತ್ತಾರೆ. ನಾಯಿಗಳು ಬಾಲ ಅಲ್ಲಾಡಿಸುತ್ತವೆ.

ಸತ್ತ ನಾಯಿ ಗೇಟು ಕಾಯುವ ತಾತನದು. ಮಂಗಳವಾರ ಮಧ್ಯಾಹ್ನ ದಡದಲ್ಲಿ ಬಿದ್ದಿದ್ದ ತೊಗಲನ್ನು ಎಳೆದಾಡಿ ತಿಂದಿತು. ನಾವು ಹಚಾ ಎಂದು ಓಡಿಸಿದೆವು. ಮತ್ತೆ ಬಂದು ತಿಂದಿತು. ನಾನು ಒಂದು ಬುಟ್ಟಿ ಸುರಿದು ಬರುವಷ್ಟರಲ್ಲಿ ಅದರ ಹಿಂಗಾಲು ಕುಸಿದಿತ್ತು. ಬಾಯಲ್ಲಿ ನೊರೆ. ಮೈಯೆಲ್ಲ ಅದುರುತ್ತಿತ್ತು. ತಾತ ಓಡಿಬಂದು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಟೋಪಿ ತೆಗೆದು ಅದರಲ್ಲೇ ಕೆರೆ ನೀರು ತಂದು ಕುಡಿಸಲು ನೋಡಿದ. ನೀರು ಬಾಯಿಗೆ ಬೀಳುವ ಮುಂಚೆಯೇ ನಾಯಿ ಸತ್ತಿತು.

ಮ್ಯಾನೇಜರು ಬಂದರು. ಅಕ್ಕ ನೀರಿನಲ್ಲೇ ನಿಂತು ಹೇಳಿದಳು. "ಸಾರ್, ಅದು ಪಾಚಿ ತಿಂದು ಸತ್ತದ್ದು. ನಮಗೂ ಊಟ ಮಾಡಿದ ಮೇಲೆ ತುಟಿ ಜುಮ್ ಅನ್ನತ್ತೆ. ಕೈ ಕಾಲು ಸುಟ್ಟ ಹಾಗೆ ಬೊಕ್ಕೆ ಏಳತ್ತೆ. ಎಷ್ಟು ಸಲ ಹೇಳಿದೀವಿ."

"ಪ್ರತಿ ತಿಂಗಳು ನೀರು ಪರೀಕ್ಷೆ ಆಗತ್ತೆ," ಎಂದರು ಮ್ಯಾನೇಜರು. "ಶುದ್ಧ ಅಂತ ಬೋರ್ಡ್ ಹಾಕಿದೀವಿ. ನಿಮಗೆ ಓದಕ್ಕೆ ಬರಲ್ಲ ಅಂದ್ರೆ ನಾನೇನು ಮಾಡ್ಲಿ? ಮೈ ತೊಳ್ಕೊಳ್ರಿ ಮೊದ್ಲು. ಬೊಕ್ಕೆ ಬರೋದು ಕೊಳೆಗೆ."

ದಡದಲ್ಲಿ ನಲ್ಲಿ ಇದೆ. ಸಾಲಾಗಿ ನಾಲ್ಕು. ಸದಸ್ಯರಿಗೆ ಮಾತ್ರ ಎಂದು ಬರೆದಿದೆ. ನಾವು ಕೈ ತೊಳೆಯಬೇಕಾದದ್ದು ಕೆರೆಯಲ್ಲೇ. ತೊಗಲು ಕಿತ್ತ ಕೈಯನ್ನು ತೊಗಲಿನ ನೀರಿನಲ್ಲಿ ಅದ್ದಿ, ಅದೇ ಕೈಯಿಂದ ಊಟ. ಅಕ್ಕ ಅದನ್ನೂ ಹೇಳಿದಳು. ಮ್ಯಾನೇಜರು ನಾಯಿಯನ್ನು ನೋಡಿದರು, ನಮ್ಮ ಬುತ್ತಿಗಳನ್ನು ನೋಡಿದರು.

"ಇದಕ್ಕೆ ಏನು ಹಾಕಿದ್ರಿ ನೀವು? ನಿಮ್ಮ ಬುತ್ತೀಲಿ ಏನೇನಿರತ್ತೋ ಯಾರಿಗ್ಗೊತ್ತು."

ತಾತ ತಲೆಯೆತ್ತಿ ನಮ್ಮನ್ನು ನೋಡಿದ. ಮ್ಯಾನೇಜರ ಮಾತು ಅವನ ತಲೆಗೆ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ನಾಯಿ ಸತ್ತದ್ದಕ್ಕಿಂತ ಆ ನೋಟ ನನಗೆ ಹೆಚ್ಚು ಉರಿಯಿತು.

ಮಾರನೆಯ ದಿನ ಬೆಳಿಗ್ಗೆ ಗೇಟಿನಲ್ಲಿ ಒಂದು ಮೇಜು. ನಾವು ಸಾಲಾಗಿ ನಿಂತು ಬುತ್ತಿ ಮುಚ್ಚಳ ತೆಗೆದು ಹಿಡಿಯಬೇಕು. ಮ್ಯಾನೇಜರು ಒಂದೊಂದಕ್ಕೂ ಬಗ್ಗಿ ಮೂಸಿ ನೋಡಬೇಕು. ಚಮಚದಿಂದ ಅನ್ನ ಕೆದಕಬೇಕು. ಒಂದೇ ಚಮಚ, ಐದು ಬುತ್ತಿ. ಒಬ್ಬಳ ಎಂಜಲು ಇನ್ನೊಬ್ಬಳಿಗೆ. ರಸ್ತೆಯಲ್ಲಿ ಕಾರಿನಲ್ಲಿ ಹೋಗುವವರು ಕಿಟಕಿಯಿಂದ ನೋಡುತ್ತಿದ್ದರು.

"ನಾಯಿ ಸತ್ತ ಮೇಲೆ ನಾಯಿ ಕೆಲಸ ಇವರಿಗೆ ಬಂತು ನೋಡು," ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಅಜ್ಜಿ. ಅವಳು ಬುತ್ತಿ ಮುಂದೆ ಚಾಚಿ, "ಚೆನ್ನಾಗಿ ಮೂಸಿ ಸಾರ್. ನನ್ನ ಗಂಡ ನಲವತ್ತು ವರ್ಷ ಇದಕ್ಕೆ ಮೂಗು ಮುರಿದ. ನಿಮಗಾದ್ರೂ ಹಿಡಿಸತ್ತಾ ನೋಡೋಣ," ಎಂದಳು.

ಅವತ್ತು ಸಂಜೆ ಮನೆಯಲ್ಲಿ ಅತ್ತೆ ಅಕ್ಕನ ತೋಳಿಗೆ ಎಣ್ಣೆ ಸವರುತ್ತಿದ್ದರು. ನಮ್ಮದು ಒಂದೇ ಕೋಣೆ, ನಡುವೆ ಒಂದು ಪರದೆ. ಪರದೆಯ ಆ ಕಡೆ ಅಕ್ಕನ ಸಂಸಾರ, ಈ ಕಡೆ ನಮ್ಮದು. ಅತ್ತೆ ಎರಡೂ ಕಡೆ. ಅಕ್ಕನ ತೋಳು ಮೊಣಕೈ ತನಕ ಕೆಂಪಾಗಿ, ಅಲ್ಲಲ್ಲಿ ಸಿಪ್ಪೆ ಎದ್ದು, ನೀರು ಜಿನುಗುತ್ತಿತ್ತು.

"ದೊಡ್ಡೋರ ಸಹವಾಸ ಬೇಡ," ಎಂದರು ಭಾವ. "ಬುತ್ತಿ ನೋಡ್ತಾರಾ? ನೋಡ್ಲಿ ಬಿಡು. ಏನು ಸವೀತದೆ?"

"ನಿನ್ನ ಬುತ್ತಿಗೆ ಯಾವನಾದ್ರೂ ಮೂಗು ಹಾಕಿದಾನಾ?" ಎಂದು ಕೇಳಿದರು ಅತ್ತೆ.

"ಇಲ್ಲ."

"ಹಾಗಾದ್ರೆ ಸುಮ್ನಿರು."

ಅಕ್ಕ ಎಣ್ಣೆ ಕೈಯಲ್ಲೇ ಬುತ್ತಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅವಳು ಹಾಗೆ ಏನನ್ನಾದರೂ ತಿರುಗಿಸಿ ನೋಡಿದಳೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ನನಗೆ ಗೊತ್ತು.

ಶುಕ್ರವಾರ ಅದು ಮ್ಯಾನೇಜರಿಗೆ ಕಾದಿತ್ತು. ಅಕ್ಕ ಡಬ್ಬಿ ಚಾಚಿದಳು. ಅವರು ಮುಚ್ಚಳ ತೆಗೆದರು, ರೂಢಿಯಂತೆ ಬಗ್ಗಿದರು. ಒಳಗೆ ತುಂಬಾ ತೊಗಲು. ಗುರುವಾರ ಸಂಜೆ ಕೋಲಿನಿಂದ ಎತ್ತಿ ಹಳೇ ಡಬ್ಬಿಯಲ್ಲಿ ತುಂಬಿದ್ದಳು, ಬೆಳಗಾಗುವಷ್ಟರಲ್ಲಿ ಚೆನ್ನಾಗಿ ಹಳಸಿತ್ತು. ಮ್ಯಾನೇಜರು ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದರು.

"ಮುಟ್ಟಿಸಬೇಡ! ದೂರ ಇಡು! ಕೈಗೆ ತಾಗಿಸಬೇಡ!"

"ಯಾಕೆ ಸಾರ್?" ಅಕ್ಕನ ಮುಖದಲ್ಲಿ ಹಾಲು ಕುಡಿಯುವ ಮಗುವಿನ ಕಳೆ. "ಶುದ್ಧ ನೀರಲ್ಲಿ ಬೆಳೆದಿದ್ದು. ದಿನಾ ಹತ್ತು ಗಂಟೆ ನಾವು ಮುಟ್ತೀವಲ್ಲ."

ಸಾಲಿನಲ್ಲಿದ್ದವರು ಯಾರೂ ನಗಲಿಲ್ಲ. ನಗಬಾರದೆಂದು ತುಟಿ ಕಚ್ಚಿ ಹಿಡಿದಿದ್ದೆವು. ಆದರೆ ಅವರ ಬಾಯಿಂದ ಬಂದ ಮಾತು ಐವರಿಗೂ ಕೇಳಿತ್ತು. ತಾತನಿಗೂ ಕೇಳಿತ್ತು. ಅವನು ಮೊದಲು ಮ್ಯಾನೇಜರನ್ನು ನೋಡಿದ, ಆಮೇಲೆ ಡಬ್ಬಿಯನ್ನು. ಆಮೇಲೆ ನಮ್ಮ ಮುಖ ನೋಡಲಾರದೆ ತಲೆ ತಗ್ಗಿಸಿದ.

ಈ ಮ್ಯಾನೇಜರನಿಗೆ ಗೊತ್ತಿದೆ. ಗೊತ್ತಿದ್ದೂ ನಮ್ಮನ್ನು ಇಳಿಸುತ್ತಿದ್ದಾನೆ.

ಅಕ್ಕನನ್ನು ಅವತ್ತು ಸಂಜೆ ನಾಲ್ಕರ ತನಕ ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿದರು. ಕುಳಿತರೆ ಕೆಲಸವಿಲ್ಲ ಎಂದರು. ನಿಂತಳು. ತಾತ ಎರಡು ಸಲ ಯಾರಿಗೂ ಕಾಣದ ಹಾಗೆ ನೀರು ಕೊಟ್ಟ. ತನ್ನ ಮನೆಯಿಂದ ತಂದ ನೀರು.

ಸೋಮವಾರ ನೀರಿನ ಸಾಹೇಬರು ಬಂದರು. ತಿಂಗಳಿಗೊಮ್ಮೆ ಬರುವವರು. ಸರಕಾರದ ಪರವಾಗಿ ಕೆರೆ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಒಯ್ಯುವುದು ಅವರ ಕೆಲಸ. ನಾವು ಅವರನ್ನು ಒಣಗಾಲು ಎನ್ನುತ್ತಿದ್ದೆವು. ಮೂರು ವರ್ಷದಲ್ಲಿ ಅವರ ಬೂಟಿಗೆ ಒಂದು ಹನಿ ನೀರು ತಾಗಿದ್ದನ್ನು ಯಾರೂ ಕಂಡಿರಲಿಲ್ಲ. ವರಾಂಡದಲ್ಲಿ ಮ್ಯಾನೇಜರ ಜೊತೆ ಕುಳಿತು ಚಹಾ ಕುಡಿಯುತ್ತಾರೆ. ಚೀಲದಿಂದ ಕಂದು ಗಾಜಿನ ಸೀಸೆ ತೆಗೆದು ಅಕ್ಕನನ್ನು ಕರೆಯುತ್ತಾರೆ. ಅವಳು ದೋಣಿಯಲ್ಲಿ ಹೋಗಿ ತುಂಬಿ ತರುತ್ತಾಳೆ. ಸಾಹೇಬರು ಎರಡನೇ ಲೋಟ ಮುಗಿಸಿ ಎದ್ದು ಹೋಗುತ್ತಾರೆ.

"ಮಧ್ಯಕ್ಕೆ ಹೋಗಿ ಮೇಲಿಂದ ತುಂಬ್ಕೊಂಡು ಬಾ," ಎಂದರು. "ದಡದ ಹತ್ರ ಬೇಡ, ಕಸ ಬರತ್ತೆ."

"ಇವಳೂ ಬರ್ಲಿ ಸಾರ್. ಒಬ್ಬಳೇ ಕೂತ್ರೆ ದೋಣಿ ವಾಲತ್ತೆ," ಎಂದು ಅಕ್ಕ ನನ್ನನ್ನು ಎಳೆದುಕೊಂಡಳು.

ದೋಣಿ ಸ್ವಲ್ಪ ದೂರ ಹೋದ ಮೇಲೆ ಸೀಸೆಯನ್ನು ನನ್ನ ಮಡಿಲಿಗೆ ಹಾಕಿದಳು. "ನೀನು ಏಳನೇ ಕ್ಲಾಸು ಓದಿದ್ದು ಯಾಕೆ? ಇದರ ಮೇಲೆ ಏನು ಬರ್ದಿದೆ ಹೇಳು."

ಸೀಸೆಗೆ ಚೀಟಿ ಅಂಟಿಸಿತ್ತು. ಸಾಹೇಬರು ಮೊದಲೇ ಎಲ್ಲ ತುಂಬಿ ರುಜು ಹಾಕಿದ್ದರು. ನಾನು ಓದಿದೆ. "ಜಾಗ, ಈಜುವ ದಡ. ಆಳ, ತಳದ ಹತ್ತಿರ. ಸಂಗ್ರಹಿಸಿದವರು," ಅಲ್ಲಿ ಅವರ ಹೆಸರು, ಪಕ್ಕದಲ್ಲಿ, "ಖುದ್ದಾಗಿ."

"ಖುದ್ದಾಗಿ ಅಂದ್ರೆ?"

"ತಾನೇ ನೀರಿಗಿಳಿದು ತುಂಬಿದೀನಿ ಅಂತ."

ಅಕ್ಕ ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ದೋಣಿ ತನ್ನಷ್ಟಕ್ಕೆ ತಿರುಗುತ್ತಿತ್ತು. "ಅಯ್ಯೋ, ಇಷ್ಟು ದಿನ ನಾನು ಎಂಥಾ ತಪ್ಪು ಮಾಡ್ತಿದ್ದೆ ಕಣೇ! ದಡ ಅಂತ ಬರ್ದಿದಾರೆ, ನಾನು ಮಧ್ಯಕ್ಕೆ ಹೋಗ್ತಿದ್ದೆ. ತಳ ಅಂತ ಬರ್ದಿದಾರೆ, ನಾನು ಮೇಲಿಂದ ತುಂಬ್ತಿದ್ದೆ."

"ಅವರೇ ತಾನೆ ಹಾಗೆ ಹೇಳಿದ್ದು."

"ಸಾಹೇಬ್ರ ಮಾತು ಕೇಳ್ಬೇಕೋ ಬರಹ ಕೇಳ್ಬೇಕೋ?" ಎಂದು ಕೇಳಿ ಅವಳೇ ಉತ್ತರ ಕೊಟ್ಟಳು. "ಬರಹ. ಮಾತಿಗೆ ರುಜು ಇರಲ್ಲ."

ಈಜುವ ದಡದಲ್ಲೇ, ಬಟ್ಟೆ ಬದಲಿಸುವ ಕೋಣೆಗಳ ಹಿಂದೆ ಹೊಸದಾಗಿ ಮಕ್ಕಳ ಮೂಲೆ ಮಾಡುತ್ತಿದ್ದರು. ಮೊಣಕಾಲುದ್ದದ ನೀರು, ಸುತ್ತ ಬಣ್ಣದ ಹಗ್ಗ. ಮುಂದಿನ ತಿಂಗಳು ತೆರೆಯುವುದಿತ್ತು. ವರಾಂಡದಿಂದ ಅದು ಕಾಣುವುದಿಲ್ಲ. ಅಕ್ಕ ದೋಣಿಯನ್ನು ಅಲ್ಲಿಗೆ ತಿರುಗಿಸಿದಳು. ಅಲ್ಲಿಯ ತಳದಲ್ಲಿ ತೊಗಲು ಅಂಗೈ ದಪ್ಪ. ಅಕ್ಕ ಇಳಿದು ಕಾಲಿನಿಂದ ಕದಡಿದಳು. ನೀರು ಮಸಿಯಾಯಿತು. ಸೀಸೆಯನ್ನು ತಳಕ್ಕೆ ಹಿಡಿದಳು. ಬುಳುಬುಳು ಎಂದಿತು. ಮೇಲೆ ಒಂದು ಸಣ್ಣ ತುಂಡು ತೊಗಲನ್ನೂ ಬೆರಳಿಂದ ತುರುಕಿದಳು.

"ಇದು ಜಾಸ್ತಿಯಾಯ್ತು ಅಕ್ಕ."

"ತಳ ಅಂದ್ರೆ ತಳ," ಎಂದು ಮುಚ್ಚಳ ತಿರುಗಿಸಿದಳು.

ಕಂದು ಗಾಜು. ಒಳಗಿರುವುದು ಕಾಣುವುದಿಲ್ಲ. ಸಾಹೇಬರು ಸೀಸೆ ಹಿಡಿದು ತೂಗಿ ನೋಡಿದರು. "ಇಷ್ಟು ಬೇಗ ಬಂದ್ರಾ?"

"ಗಾಳಿ ನಮ್ಮ ಕಡೆ ಇತ್ತು ಸಾರ್," ಎಂದಳು ಅಕ್ಕ.

ಹತ್ತು ದಿನ ಏನೂ ಆಗಲಿಲ್ಲ. ಮಳೆ ಬರುವ ಮುಂಚಿನ ಸೆಕೆಯಂತೆ ಇತ್ತು ನನಗೆ. ಅಕ್ಕ ಮಾತ್ರ ಆರಾಮಾಗಿದ್ದಳು. ದಿನಾ ಬುತ್ತಿ ತೆಗೆದು ತೋರಿಸುತ್ತಿದ್ದಳು. "ಇವತ್ತು ಉಪ್ಪು ಸರಿಯಾಗಿದೆಯಾ ಸಾರ್?" ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳ ತುಟಿ ಮರಗಟ್ಟಿ, ಮಾತು ತೊದಲಿ, ಎದ್ದು ನಿಲ್ಲಲಾರದೆ ಗುಂಡಿಯ ಪಕ್ಕ ಕುಸಿದು ಕುಳಿತಳು. ಅರ್ಧ ಗಂಟೆ ಹಾಗೇ ಇದ್ದಳು. ನಾನು ಅಳುತ್ತಿದ್ದೆ. ಮಾತು ಬಂದ ಮೇಲೆ ಅವಳು ಮೊದಲು ಹೇಳಿದ್ದು, "ನಾನು ಸುಮ್ನಿದ್ದಾಗ ಮನೇಲಿ ಎಲ್ರಿಗೂ ಸುಖ. ಅತ್ತೆಗೆ ಹೇಳ್ಬೇಡ, ದಿನಾ ಪಾಚಿ ತಿನ್ನಿಸ್ತಾರೆ."

ಹನ್ನೊಂದನೆಯ ದಿನ, ಗುರುವಾರ, ಮ್ಯಾನೇಜರು ನೀರಿನ ಬಳಿಗೆ ಬಂದರು. ಎಂದೂ ಬಾರದವರು. ಕೆಂಡದಂಥ ಬಿಸಿಲು. ಕಾಲಿಗೆ ಮೊಣಕಾಲುದ್ದದ ಹೊಸ ರಬ್ಬರ್ ಬೂಟು. ಕೈಗೆ ಕೈಗವಸು. ಮೂಗಿಗೆ ಬಟ್ಟೆ. ಒಣ ದಡದ ಮೇಲೆ, ನೀರಿನಿಂದ ಹತ್ತು ಹೆಜ್ಜೆ ದೂರ ನಿಂತುಕೊಂಡರು.

"ನಾಳೆ ದೊಡ್ಡ ಆಫೀಸಿಂದ ಬರ್ತಾರೆ. ಅಷ್ಟರಲ್ಲಿ ಈಜುವ ದಡ, ಮಕ್ಕಳ ಮೂಲೆ, ಎಲ್ಲಾ ಕಡೆ ತಳ ಕಾಣ್ಬೇಕು. ಒಂದು ಚೂರೂ ಇರಬಾರ್ದು. ಎಲ್ಲಾ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಇಳೀರಿ, ಇಳೀರಿ."

ಯಾರೂ ಇಳಿಯಲಿಲ್ಲ. ಎಲ್ಲರೂ ಅವರ ಕಾಲನ್ನೇ ನೋಡುತ್ತಿದ್ದೆವು.

"ಸಾರ್, ಮಳೆ ಬರೋ ಹಾಗಿದೆಯಾ?" ಎಂದು ಕೇಳಿದಳು ಅಕ್ಕ.

"ಏನು?"

"ಅಲ್ಲ, ಬೂಟು ಹಾಕ್ಕೊಂಡು ಬಂದಿದೀರಲ್ಲ ಅಂತ."

"ತಲೆಹರಟೆ ಬೇಡ. ಇಳಿ."

"ಆ ಬೂಟು ಕೊಡಿ. ಇಳೀತೀನಿ."

"ಇದು ನಂದು."

"ಕಾಲು ನಂದು," ಎಂದಳು ಅಕ್ಕ.

ಕುಂಟೆಯನ್ನು ನೆಲಕ್ಕೆ ಹಾಕಿದಳು. ಎಸೆಯಲಿಲ್ಲ. ಮಲಗಿಸಿದಳು. ಅದರ ಪಕ್ಕ ನಾನು ನನ್ನದನ್ನು ಹಾಕಿದೆ. ಅಜ್ಜಿ ತನ್ನದನ್ನು ಹಾಕಿದಳು. ಇನ್ನಿಬ್ಬರೂ ಹಾಕಿದರು. ಐದು ಕುಂಟೆ ಸಾಲಾಗಿ, ಹಲ್ಲು ಮೇಲೆ ಮಾಡಿಕೊಂಡು ಬಿದ್ದಿದ್ದವು.

"ಕೆಲಸ ಬೇಡ್ವಾ ನಿಮಗೆ? ಗೇಟು ಅಲ್ಲಿದೆ. ಹೋಗಿ!"

"ಹೋಗ್ತೀವಿ ಸಾರ್," ಎಂದಳು ಅಕ್ಕ. "ಆದ್ರೆ ಹೀಗೇ ಹೋದ್ರೆ ಬಸ್ಸಲ್ಲಿ ಪಕ್ಕದೋರಿಗೆ ತಾಗತ್ತೆ. ಕೊಳೆ ಜನ ನಾವು. ತೊಳ್ಕೊಂಡು ಹೋಗ್ತೀವಿ."

ಸೀದಾ ನಡೆದು ಸದಸ್ಯರ ನಲ್ಲಿ ತಿರುಗಿಸಿದಳು. ನೀರು ಭರ್ರೆಂದು ಬಂತು. ಕೈ ತೊಳೆದಳು. ತೋಳು ತೊಳೆದಳು. ಮುಖ ತೊಳೆದಳು. ಕಾಲನ್ನು ಬೆರಳು ಸಂದಿ ಬಿಡಿಸಿ ತೊಳೆದಳು. ಆತುರವೇ ಇಲ್ಲ. ನಾಲ್ಕು ನಲ್ಲಿ, ಐದು ಜನ. ಅಜ್ಜಿ ಕಾಯುತ್ತ ನಿಂತು, "ಬೇಗ ಬೇಗ ಬನ್ರೇ, ನಾನೂ ಒಂದು ದಿನ ಸದಸ್ಯಳಾಗ್ತೀನಿ," ಎಂದಳು. ಛತ್ರಿ ಕೆಳಗೆ ಒರಗಿದ್ದ ಸದಸ್ಯರು ಎದ್ದು ಕುಳಿತರು. ಮ್ಯಾನೇಜರು ಕೂಗುತ್ತಲೇ ಇದ್ದರು. ಆದರೆ ನಮ್ಮನ್ನು ಎಳೆಯಲು ಹತ್ತಿರ ಬರಲಿಲ್ಲ. ನಮ್ಮ ಮೈ ಮೇಲಿನ ನೀರು ತಾಗೀತೆಂಬ ಭಯ. ಆ ನೀರೇ ಅವತ್ತು ನಮಗೆ ಬೇಲಿ.

ಶುಕ್ರವಾರ ನಾವು ಕೆಲಸಕ್ಕೆ ಹೋಗಲಿಲ್ಲ. ನೋಡಲು ಹೋದೆವು. ತಾತ ಗೇಟು ತೆರೆದ. ಅವನು ಬುತ್ತಿ ಕೇಳಲಿಲ್ಲ.

ದೊಡ್ಡ ಆಫೀಸಿನಿಂದ ಬಂದದ್ದು ಒಬ್ಬ ಮೇಡಂ. ಕುಳ್ಳು, ಕನ್ನಡಕ, ಮಾತು ಕಡಿಮೆ. ಜೊತೆಯಲ್ಲಿ ಒಣಗಾಲು ಸಾಹೇಬರು, ಒಂದು ರಾತ್ರಿಯಲ್ಲಿ ಹತ್ತು ವರ್ಷ ವಯಸ್ಸಾದವರಂತೆ. ಯಾರೂ ಕೆರೆಯದ ತೊಗಲು ಬಿಸಿಲಿಗೆ ಎದ್ದು ದಡದುದ್ದಕ್ಕೂ ಹಾಸಿಕೊಂಡಿತ್ತು. ಗಬ್ಬು ನಾತ.

ಮೇಡಂ ಕಾಗದ ಓದಿದರು. ಸೀಸೆಯಲ್ಲಿದ್ದದ್ದು ಕೆರೆಯ ತಳದಲ್ಲಿ ಬೆಳೆಯುವ ಒಂದು ಬಗೆಯ ಪಾಚಿಯ ವಿಷ. ನರಕ್ಕೆ ಹತ್ತುವಂಥದ್ದು. ನೀರು ತಿಳಿಯಾಗಿದ್ದರೂ ತಳದಲ್ಲಿ ಅದು ಇರಬಹುದು. ಸೀಸೆಯಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇತ್ತಂತೆ.

"ಮೇಡಂ, ಇದು ಮೋಸ," ಎಂದರು ಮ್ಯಾನೇಜರು. "ಸೀಸೆ ತುಂಬಿದ್ದು ಈ ಹೆಂಗಸರು. ಬೇಕು ಅಂತ ಏನೋ ಹಾಕಿದಾರೆ."

ಮೇಡಂ ಚೀಟಿ ನೋಡಿದರು. "ಇಲ್ಲಿ ಖುದ್ದಾಗಿ ಅಂತ ಇದೆಯಲ್ಲ. ಏನ್ರೀ, ತುಂಬಿದ್ದು ಯಾರು?"

ಒಣಗಾಲು ಸಾಹೇಬರು ಮ್ಯಾನೇಜರನ್ನು ನೋಡಿದರು, ಚೀಟಿಯನ್ನು ನೋಡಿದರು. ಹೆಂಗಸರು ತುಂಬಿದರು ಎಂದರೆ ಮೂರು ವರ್ಷದ ರುಜುಗಳೆಲ್ಲ ಸುಳ್ಳು. ತಾನೇ ತುಂಬಿದೆ ಎಂದರೆ ವಿಷ ನಿಜ. ಅತ್ತ ದರಿ, ಇತ್ತ ಪುಲಿ.

"ನಾನೇ ಮೇಡಂ," ಎಂದರು.

"ಹೌದು ಮೇಡಂ," ಅಕ್ಕ ಮುಂದೆ ಬಂದಳು. "ಸಾಹೇಬ್ರೇ ತುಂಬಿದ್ದು. ಪ್ಯಾಂಟು ಮಡಚಿಕೊಂಡು ಮೊಣಕಾಲ ತನಕ ಇಳಿದಿದ್ರು. ಜಾರತ್ತೆ ಸಾರ್ ಅಂತ ನಾನು ಹೇಳ್ತಾನೇ ಇದ್ದೆ. ಕೇಳ್ಲಿಲ್ಲ. ಕರ್ತವ್ಯ ಅಂದ್ರೆ ಅಷ್ಟು ನಿಷ್ಠೆ ಅವರಿಗೆ."

ನಾನು ಅಜ್ಜಿಯ ಬೆನ್ನ ಹಿಂದೆ ಮುಖ ಹುದುಗಿಸಿದೆ. ಅಜ್ಜಿಯ ಬೆನ್ನೂ ಕುಲುಕುತ್ತಿತ್ತು.

"ಒಳ್ಳೇದು," ಎಂದರು ಮೇಡಂ. ಚೀಲದಿಂದ ಇನ್ನೊಂದು ಸೀಸೆ ತೆಗೆದು ಸಾಹೇಬರಿಗೆ ಕೊಟ್ಟರು. "ಎಲ್ಲಿ ತುಂಬಿದ್ರಿ ತೋರಿಸಿ. ನನ್ನ ಮುಂದೆ ಅಲ್ಲೇ ಇನ್ನೊಂದು ತುಂಬಿ."

ಸಾಹೇಬರು ಒಂದು ಬೂಟು ಬಿಚ್ಚಿದರು. ಕಾಲುಚೀಲ ಬಿಚ್ಚಿ, ಮಡಚಿ ಬೂಟಿನೊಳಗೆ ಇಟ್ಟರು. ಬೆಳ್ಳಗೆ, ಮೆತ್ತಗೆ, ಹಾಸಿಗೆಯಿಂದ ಆಗತಾನೇ ಎದ್ದು ಬಂದಂಥ ಕಾಲು. ಅದನ್ನು ನೀರಿನ ಅಂಚಿನ ತನಕ ಒಯ್ದರು. ಒಂದು ತುಂಡು ತೊಗಲು ತೇಲಿ ಬಂದು ಹೆಬ್ಬೆರಳಿಗೆ ತಾಗಿತು. ಚೇಳು ಕುಟುಕಿದವರಂತೆ ಕಾಲು ಎಳೆದುಕೊಂಡರು.

"ಆಗಲ್ಲ ಮೇಡಂ. ಇದು ಬರಿಗಾಲಲ್ಲಿ ಇಳಿಯೋ ನೀರಲ್ಲ. ಇದು ವಿಷ."

ಮೂರು ವರ್ಷ ನಾವು ಹೇಳಿದ್ದನ್ನು ಅವರ ಹೆಬ್ಬೆರಳು ಒಂದು ಗಳಿಗೆಯಲ್ಲಿ ಹೇಳಿತ್ತು.

ಅಕ್ಕ ರವಿಕೆ ತೋಳು ಮೇಲಕ್ಕೆ ಸರಿಸಿ ಮೇಡಂ ಮುಂದೆ ಎರಡೂ ಕೈ ಚಾಚಿದಳು. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ದಿನಾ ಹತ್ತು ಗಂಟೆ ಮೇಡಂ. ಬರಿಗಾಲು, ಬರಿಗೈ. ಆ ಹಗ್ಗ ಕಟ್ಟಿರೋ ಕಡೆ ಮುಂದಿನ ತಿಂಗಳು ಮಕ್ಕಳನ್ನ ಇಳಿಸ್ತಾರಂತೆ. ಮಕ್ಕಳು ಕೈಗೆ ಸಿಕ್ಕಿದ್ದನ್ನ ಬಾಯಿಗಿಡ್ತಾವೆ. ಇದನ್ನ ತಿಂದ ನಾಯಿಗೆ ನಾಲ್ಕು ಕಾಲಿತ್ತು, ಆದ್ರೂ ನಿಲ್ಲೋಕಾಗ್ಲಿಲ್ಲ."

ಮೇಡಂ ಅವಳ ಕೈಯನ್ನು ತುಂಬ ಹೊತ್ತು ನೋಡಿದರು. "ನೀವು ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ವಿ," ಎಂದಳು ಅಕ್ಕ. "ಬುತ್ತಿ ಮೂಸಿದ್ರು."

ಮೇಡಂ ತಾವೇ ಕಾರಿನಿಂದ ಉದ್ದ ಬೂಟು ತರಿಸಿ ಹಾಕಿಕೊಂಡು ಇಳಿದರು. ಮಕ್ಕಳ ಮೂಲೆಯಲ್ಲಿ ತಳದಿಂದ ಮೂರು ಸೀಸೆ ತುಂಬಿದರು. ಹೊರಡುವಾಗ ಅಕ್ಕನನ್ನು ಪಕ್ಕಕ್ಕೆ ಕರೆದರು. ನಾನೂ ಹಿಂದೆ ಹೋದೆ.

"ನಿಜ ಹೇಳಿ. ಸಾಹೇಬ್ರು ಅವತ್ತು ಇಳಿದಿದ್ರಾ?"

"ಕಾಗದದಲ್ಲಿ ಹಾಗೇ ಇದೆಯಂತಲ್ಲ ಮೇಡಂ," ಎಂದಳು ಅಕ್ಕ. "ನನಗೆ ಓದಕ್ಕೆ ಬರಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಬಾಯಿಯ ಒಂದು ತುದಿ ಸ್ವಲ್ಪ ಮೇಲೆದ್ದಿತ್ತು ಎಂದು ನಾನು ಈಗಲೂ ಆಣೆ ಮಾಡಿ ಹೇಳುತ್ತೇನೆ.

ಮೂರು ಸೀಸೆಯಲ್ಲೂ ವಿಷವಿತ್ತು. ಕ್ಲಬ್ಬಿನ ದಡವನ್ನು ಮುಚ್ಚಿದರು. ದಡ ಮುಚ್ಚಿದ ಮೇಲೆ ಕೆರೆಯುವುದೆಲ್ಲಿ? ನಮಗೂ ಕೆಲಸ ಹೋಯಿತು. ಎರಡೂವರೆ ತಿಂಗಳು ಅಕ್ಕ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದಳು, ನಾನು ಇಟ್ಟಿಗೆ ಹೊತ್ತೆ. ಅಜ್ಜಿಗೆ ಯಾರೂ ಕೆಲಸ ಕೊಡಲಿಲ್ಲ. ಭಾವ ಒಂದು ಮಾತೂ ಆಡಲಿಲ್ಲ, ಅತ್ತೆ ಆಡಲು ಬಿಡಲಿಲ್ಲ. ಮ್ಯಾನೇಜರಿಗೆ ಏನೂ ಆಗಲಿಲ್ಲ. ಆಗುತ್ತದೆಂದು ನಾವೂ ಅಂದುಕೊಂಡಿರಲಿಲ್ಲ. ಒಣಗಾಲು ಸಾಹೇಬರನ್ನು ಯಾವುದೋ ಗೋದಾಮಿಗೆ ಹಾಕಿದರಂತೆ. ಅಲ್ಲಿ ನೀರೇ ಇಲ್ಲವಂತೆ. ಅಕ್ಕನ ಎಡಗೈಯ ಎರಡು ಬೆರಳು ಇನ್ನೂ ಜೋಮು ಹಿಡಿದೇ ಇವೆ. ಅದು ಕೆರೆಯಿಂದ ಬಂದದ್ದೇ ಎಂದು ಕೇಳಿದರೆ ಡಾಕ್ಟರು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ.

ತಾತ ಒಂದು ದಿನ ಮನೆ ಹುಡುಕಿಕೊಂಡು ಬಂದ. ಬಾಗಿಲಲ್ಲೇ ನಿಂತ. "ನಿಮ್ಮ ಮೇಲೆ ಅನುಮಾನ ಪಟ್ಟೆ ಕಣಮ್ಮ," ಎಂದ. ಅತ್ತೆ ಅವನನ್ನು ಕೂರಿಸಿ ಊಟ ಹಾಕಿದರು.

ಬಿಸಿಲು ಕಮ್ಮಿಯಾದ ಮೇಲೆ ಕ್ಲಬ್ಬಿನಿಂದ ಕರೆ ಬಂತು. ಬೇರೆಯವರು ಯಾರೂ ಆ ಕೆಲಸಕ್ಕೆ ಬರಲು ಒಪ್ಪಿರಲಿಲ್ಲ. ಅಕ್ಕ ಹೋಗಿ ಮಾತಾಡಿ ಬಂದಳು. ಸೊಂಟದ ತನಕದ ಬೂಟು, ಭುಜದ ತನಕದ ಕೈಗವಸು, ನಲ್ಲಿ, ಅಜ್ಜಿಗೂ ಕೆಲಸ. ಅಷ್ಟು ಬರೆದುಕೊಟ್ಟ ಮೇಲೆ, ನಾನು ಎರಡು ಸಲ ಓದಿದ ಮೇಲೆ, ಒಪ್ಪಿದಳು.

ದಡ ಮತ್ತೆ ತೆರೆದ ಮೊದಲನೇ ಭಾನುವಾರ. ಹತ್ತು ಗಂಟೆಯಾದರೂ ನಮ್ಮನ್ನು ದೋಣಿಮನೆಯಾಚೆಗೆ ಯಾರೂ ಓಡಿಸಲಿಲ್ಲ. ಸದಸ್ಯರು ಬಂದರು. ದೊಡ್ಡ ಅಕ್ಷರದ ಬೋರ್ಡಿನಲ್ಲಿ ಇವತ್ತಿನ ನೀರು ಸುರಕ್ಷಿತ ಎಂದು ಬರೆದಿತ್ತು. ಅದನ್ನು ಓದಿದರು. ಓದಿ, ನೀರಿಗಿಳಿಯದೆ, ನೇರವಾಗಿ ನಮ್ಮ ಕಡೆ ಬಂದರು. ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬ ದಪ್ಪ ಯಜಮಾನರು ಅಕ್ಕನನ್ನು ಕೇಳಿದರು.

"ಏನಮ್ಮಾ, ಇವತ್ತು ಇಳೀಬಹುದಾ?"

ಹಿಂದೆ ಇಪ್ಪತ್ತು ಮೂವತ್ತು ಜನ. ಎಲ್ಲರ ಕಣ್ಣು ಅವಳ ಬಾಯಿಯ ಮೇಲೆ.

ಅಕ್ಕ ನೀರಿನೊಳಗೆ ನೋಡಿದಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಅಲ್ಲಿ ನೋಡಲು ಏನೂ ಇರಲಿಲ್ಲ. ಬೆಳಗ್ಗಿನಿಂದ ಕೆರೆದು ಕೆರೆದು ಕಲ್ಲು ಹೊಳೆಯುತ್ತಿದ್ದವು.

"ಒಂದು ಗಂಟೆ ಬಿಟ್ಟು ಬನ್ನಿ," ಎಂದಳು.

ಒಬ್ಬರೂ ಯಾಕೆಂದು ಕೇಳಲಿಲ್ಲ. ಟವೆಲು ಸುತ್ತಿಕೊಂಡು ವರಾಂಡಕ್ಕೆ ಹೋಗಿ ಸಾಲಾಗಿ ಕುಳಿತರು.

"ಅಕ್ಕಾ, ತಳದಲ್ಲಿ ಒಂದು ಚೂರೂ ಇಲ್ವಲ್ಲ?" ಎಂದೆ.

"ಬೂಟು ಬಿಚ್ಚು," ಎಂದಳು.

ಅವಳು ಬಿಚ್ಚಿದಳು. ನಾನೂ ಬಿಚ್ಚಿದೆ. ಇಷ್ಟು ವರ್ಷ ಆ ಕೆರೆಯಲ್ಲಿ ಬಗ್ಗಿದ್ದೆವೇ ಹೊರತು ಒಂದು ದಿನವೂ ಮೈ ಚಾಚಿರಲಿಲ್ಲ. ಅಕ್ಕನಿಗೆ ಈಜು ಬರುವುದಿಲ್ಲ. ಬಟ್ಟೆಯ ಸಮೇತ ಅಂಗಾತ ಮಲಗಿದಳು. ನಾನು ಬೆನ್ನಿಗೆ ಕೈ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದೆ. ತೇಲಿದಳು. ನೀರು ತಣ್ಣಗಿತ್ತು, ತಿಳಿಯಾಗಿತ್ತು. ಅಜ್ಜಿ ಮೊಣಕಾಲ ನೀರಿನಲ್ಲಿ ಕುಳಿತು ಕೈಯಿಂದ ಚಪಚಪ ಬಡಿಯುತ್ತಿದ್ದಳು.

ವರಾಂಡದಿಂದ ದಪ್ಪ ಯಜಮಾನರು ಎದ್ದು ನಿಂತರು. "ಏನಮ್ಮಾ, ನೀವೇ ಇಳಿದ್ಬಿಟ್ರಲ್ಲಾ!"

ಅಕ್ಕ ಕಣ್ಣು ಮುಚ್ಚಿಕೊಂಡೇ ಕೂಗಿದಳು.

"ಪರೀಕ್ಷೆ ಮಾಡ್ತಾ ಇದೀವಿ. ಅಲ್ಲೇ ಕೂತಿರಿ!"